ಊರ ಚುನಾವಣೆಯೂ ಅನಾಮಧೇಯ ಧ್ವನಿಯೂ

ಪೂರ್ವದಲ್ಲಿ ನಮ್ಮ ಹಳ್ಳಿಗಳಲ್ಲಿ ಡಂಗುರ ಹೊಡೆದರೆ, ಅದನ್ನು ಹೊಡೆಯಿಸಿದವರು ಯಾರೆಂಬುದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ಇಂದು ನವಲಗುಂದ, ಅಣ್ಣಿಗೇರಿಗಳ ಪುರಸಭೆಗಾಗಲಿ, ಕುಂದಗೋಳ, ಕಲಘಟಗಿಗಳ ಪಟ್ಟಣ ಪಂಚಾಯತಿಗಾಗಲಿ ಚುನಾವಣೆ ನಡೆದಾಗ, ಮತದಾರನ ಕಿವಿಗೆ ಬೀಳುವ ಧ್ವನಿಗೆ ಹಣ ತೆತ್ತವರಾರೆಂಬುದು ಅನೇಕ ವೇಳೆ ತಿಳಿಯದು.

ಕಾನೂನು ಇಲ್ಲವೆಂದಲ್ಲ. 1994ರ ಕೇಬಲ್ ನಿಯಮಗಳು ರಾಜಕೀಯ ಜಾಹೀರಾತನ್ನು ಟಿ.ವಿ.ಯಲ್ಲಿ ನಿಷೇಧಿಸಿದ್ದವು. ಈ ನಿಷೇಧದ ವ್ಯಾಜ್ಯವು ಆಂಧ್ರಪ್ರದೇಶದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಆ ನ್ಯಾಯಾಲಯವು 2004ರ ಏಪ್ರಿಲ್ 13ರಂದು ಮಧ್ಯಮಾರ್ಗವನ್ನು ತೋರಿಸಿತು: ಜಾಹೀರಾತು ಕೊಡಬಹುದು, ಆದರೆ ಮುಂಚಿತವಾಗಿ ಪರೀಕ್ಷಿಸಿಕೊಂಡು ಪ್ರಮಾಣಪತ್ರ ಪಡೆದಿರಬೇಕು. ನೋಂದಾಯಿತ ಪಕ್ಷಗಳೂ ಉಮೇದುವಾರರೂ 3 ದಿನ ಮೊದಲು, ಇತರರು 7 ದಿನ ಮೊದಲು ಅರ್ಜಿ ಕೊಡಬೇಕು. ತಯಾರಿಕೆಯ ವೆಚ್ಚವನ್ನು ತಿಳಿಸಬೇಕು. ಹಣವನ್ನು ಚೆಕ್ ಇಲ್ಲವೆ ಡ್ರಾಫ್ಟ್ ಮುಖಾಂತರವೇ ಸಲ್ಲಿಸಬೇಕು. 2008ರಲ್ಲಿ ರೇಡಿಯೋ, 2013ರಲ್ಲಿ ಸಾಮಾಜಿಕ ಜಾಲತಾಣ ಈ ಕಟ್ಟಳೆಗೆ ಒಳಪಟ್ಟವು.

ಆದರೆ ಈ ವ್ಯವಸ್ಥೆಯನ್ನು ಕೇಂದ್ರದ ಚುನಾವಣಾ ಆಯೋಗವು ಲೋಕಸಭೆ, ವಿಧಾನಸಭೆಗಳನ್ನು ಕಣ್ಣಮುಂದಿಟ್ಟುಕೊಂಡು ರಚಿಸಿತು. ಸ್ಥಳೀಯ ಚುನಾವಣೆಗಳ ಹೊಣೆಯನ್ನು ಸಂವಿಧಾನವು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ವಾರ್ಡಿನ ಉಮೇದುವಾರನಾದರೋ ಟಿ.ವಿ.ಯ ಬಾಗಿಲಿಗೆ ಹೋಗುವವನಲ್ಲ. ಅವನ ಸಾಧನ ಟಂಟಂ ಗಾಡಿಯ ಮೇಲಿನ ಧ್ವನಿವರ್ಧಕ. ಅದು ಕಿವಿಗೆ ಕಟುವಾದರೂ ಪ್ರಾಮಾಣಿಕವಾದುದೆಂದೇ ನಮ್ಮ ಮತ; ಅದು ಹೆಸರನ್ನೂ ಚಿಹ್ನೆಯನ್ನೂ ಕೂಗಿ ಹೇಳುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಕಾನೂನಿನ ಅಂಜಿಕೆಯಿಂದ ಸುಮ್ಮನಿರುತ್ತದೆ. ಗ್ರಾಮ ಪಂಚಾಯತಿಗಳಲ್ಲಂತೂ ಪಕ್ಷದ ಚಿಹ್ನೆಗೇ ಸ್ಥಾನವಿಲ್ಲದ್ದರಿಂದ, ಅಲ್ಲಿ ‘ರಾಜಕೀಯ ಜಾಹೀರಾತು’ ಯಾವುದೆಂದು ನಿರ್ಣಯಿಸುವುದೇ ಒಂದು ತೊಡಕು.

ನಿಜವಾದ ಭಯವಿರುವುದು ಕೈಯಲ್ಲಿಯ ಫೋನಿನಿಂದ. 2013ರ ಆಜ್ಞೆಯು ವ್ಯಕ್ತಿಗಳು ತಮ್ಮ ಸ್ವಂತ ಖಾತೆಯಲ್ಲಿ ಹಾಕುವ ಬರಹ, ಚಿತ್ರಗಳನ್ನು ಜಾಹೀರಾತೆಂದು ಎಣಿಸಲಿಲ್ಲ. ವಾಕ್‌ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯೇ. ಒಬ್ಬ ರೈತನು ತನ್ನ ಪುರಸಭೆಯನ್ನು ಟೀಕಿಸಲು ಅಧಿಕಾರಿಯ ಅಪ್ಪಣೆ ಬೇಡಬೇಕೆಂದರೆ ಅದನ್ನು ವಿರೋಧಿಸುವವರಲ್ಲಿ ನಾವೇ ಮೊದಲಿಗರು. ಆದರೆ ಇದೇ ಕಿಂಡಿಯೊಳಗಿಂದ ಕೂಲಿ ಕೊಟ್ಟು ಮಾಡಿಸಿದ ಧ್ವನಿಯೂ ನುಸುಳಬಲ್ಲದು. ಮತದಾನದ ಹಿಂದಿನ ರಾತ್ರಿ ಉಮೇದುವಾರನ ಜಾತಿಯನ್ನೋ ನಡತೆಯನ್ನೋ ಕುರಿತು ಹೆಸರಿಲ್ಲದ ಧ್ವನಿಯೊಂದು ಓಣಿ ಓಣಿಯ ಫೋನುಗಳಲ್ಲಿ ಹರಿದಾಡಿದರೆ, ಬೆಳಗಾಗುವುದರೊಳಗೆ ಆತನು ಯಾರಿಗೆಂದು ಉತ್ತರ ಕೊಡಬೇಕು? ಕುಂದಗೋಳದ ಇಡೀ ವಿಧಾನಸಭಾ ಕ್ಷೇತ್ರವೇ 2018ರಲ್ಲಿ 634 ಮತಗಳ ಅಂತರದಿಂದಲೂ, 2019ರ ಉಪಚುನಾವಣೆಯಲ್ಲಿ 1,601 ಮತಗಳಿಂದಲೂ ನಿರ್ಣಯವಾಯಿತು. ಹೀಗಿರಲು ಒಂದು ವಾರ್ಡಿನ ಫಲವನ್ನು ಬದಲಿಸಲು ನಾಲ್ಕಾರು ಮನೆಗಳು ಸಾಕು.

1951ರ ಪ್ರಜಾಪ್ರತಿನಿಧಿತ್ವ ಕಾಯದೆಯ 127-ಎ ಕಲಮು ಚುನಾವಣೆಯ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರತಕ್ಕದ್ದೆಂದು ವಿಧಿಸಿದೆ. ಅರ್ಧ ಹಾಳೆಯ ಕಾಗದಕ್ಕಿರುವ ಈ ಬಂಧನವು ಹಣ ಕೊಟ್ಟು ಹರಡಿಸಿದ ಧ್ವನಿಗೆ ಏಕಿರಬಾರದು? ಹಣ ತೆತ್ತವನ ಹೆಸರು ಜಾಹೀರಾತಿನಲ್ಲಿಯೇ ಕೇಳಿಬರಬೇಕು, ವೆಚ್ಚವು ಉಮೇದುವಾರನ ಲೆಕ್ಕಕ್ಕೆ ಸೇರಬೇಕು ಎಂದು ರಾಜ್ಯ ಆಯೋಗವು ಸ್ಥಳೀಯ ಚುನಾವಣೆಗಳಿಗೆ ಸ್ಪಷ್ಟ ಶಬ್ದಗಳಲ್ಲಿ ವಿಧಿಸಲಿ. ಅರ್ಜಿಯನ್ನು ತಹಶೀಲದಾರರ ಕಚೇರಿಯಲ್ಲಿಯೇ ಸ್ವೀಕರಿಸಿ ಒಂದು ದಿನದೊಳಗೆ ಇತ್ಯರ್ಥ ಮಾಡಲಿ. ಪಕ್ಷದ ಬೆಂಬಲವಿಲ್ಲದ ಕಲಘಟಗಿಯ ಸ್ವತಂತ್ರ ಉಮೇದುವಾರನು ಒಂದು ಸಹಿಗಾಗಿ ಧಾರವಾಡಕ್ಕೆ ಅಲೆಯುವಂತಾದರೆ, ನಿಯಮದ ಪ್ರಯೋಜನವೆಲ್ಲ ವಕೀಲರನ್ನು ಇಟ್ಟುಕೊಳ್ಳಬಲ್ಲ ಪಕ್ಷಗಳ ಪಾಲಾಗುವುದು.