ಹಸೆ ಚಿತ್ತಾರದ ಗೆರೆಯೂ ಗಣಕಯಂತ್ರದ ಚಲನೆಯೂ

ಕೈಯಿಂದ ಬರೆದ ಚಿತ್ರವನ್ನು ಗಣಕಯಂತ್ರದ ನೆರವಿನಿಂದ ಚಲಿಸುವಂತೆ ಮಾಡುವಾಗ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಕೈಗೇ ಉಳಿಸಬೇಕು ಎಂಬುದನ್ನು ನಾವು ಹಸೆ ಚಿತ್ತಾರದ ಮೂಲಕ ವಿಚಾರಮಾಡಬಯಸುತ್ತೇವೆ. ಬಂಗೂರನಗರದವರಿಗೆ ಇದು ದೂರದ ಕಲೆಯಲ್ಲ. ಇದೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದಲ್ಲಿಯೂ ಅದರಾಚೆಯ ಸಾಗರ, ಸೊರಬ ಸೀಮೆಗಳಲ್ಲಿಯೂ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಯ ಮೇಲೆ ಇದನ್ನು ಬರೆಯುತ್ತ ಬಂದಿದ್ದಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಕುಂಚವೆಂದರೆ ಪುಂಡಿನಾರು. ಮಣ್ಣಿನ ಗೋಡೆಗಳು ಕಡಮೆಯಾದಂತೆ ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಇಳಿದಿದೆ.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಒಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಹಿಡಿದರೂ ನಿಮಿಷವೊಂದಕ್ಕೆ 720 ಚಿತ್ರಗಳು ಬೇಕು. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಊರಾದ ದಾಂಡೇಲಿಗೆ ಇಷ್ಟು ಹಾಳೆಗಳು ದೊಡ್ಡ ಮಾತಲ್ಲ. ಬರೆಯುವ ಕೈಗೆ ದೊಡ್ಡದೇ. ಹಿಂದೆ ಪ್ರತಿಯೊಂದು ಚಿತ್ರವನ್ನೂ ಪಾರದರ್ಶಕ ಹಾಳೆಗೆ ಇಳಿಸಿ ಬಣ್ಣ ತುಂಬುತ್ತಿದ್ದರು. 1990ರಲ್ಲಿ ಡಿಸ್ನಿ ಸಂಸ್ಥೆಯು ‘ದ ರೆಸ್ಕ್ಯೂಯರ್ಸ್ ಡೌನ್ ಅಂಡರ್’ ಚಿತ್ರದಲ್ಲಿ ಪಾತ್ರಗಳ ಗೆರೆಗಳನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಿಸಿ, ಬಣ್ಣ ತುಂಬುವ ಮತ್ತು ಪದರಗಳನ್ನು ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಕೊಟ್ಟಿತು. ಈ ವಿಭಜನೆಯು ಸಾಮಾನ್ಯವಾಗಿ ಯುಕ್ತವಾದುದೇ.

ಚಿತ್ತಾರದಲ್ಲಿ ಮಾತ್ರ ತೊಡಕೊಂದಿದೆ. ಇದು ಗೆರೆಗಳ ಪುನರಾವೃತ್ತಿಯಿಂದಲೇ ಕಟ್ಟಿದ ಕಲೆ. ಆದುದರಿಂದ ಒಂದೇ ಗೆರೆಯನ್ನು ಬರೆದು ಉಳಿದ ಇಪ್ಪತ್ತನ್ನು ಯಂತ್ರದಿಂದ ನಕಲು ಮಾಡಿಸುವ ಆಸೆ ಸಹಜ. ಆದರೆ ನಾರಿನ ತುದಿಯಲ್ಲಿ ಹಿಟ್ಟು ತೀರುತ್ತ ಬಂದಂತೆ ಗೆರೆ ತೆಳುವಾಗುತ್ತದೆ. ಮತ್ತೆ ಅದ್ದಿದೊಡನೆ ದಪ್ಪವಾಗುತ್ತದೆ. ಯಾವ ಎರಡು ಗೆರೆಗಳೂ ಒಂದೇ ಆಗಿರುವುದಿಲ್ಲ. ನಕಲಿನಲ್ಲಿ ಈ ಭೇದವೆಲ್ಲ ಅಳಿದು, ಜಾಲರಿಯು ಅಚ್ಚುಹಾಕಿದ ಬಟ್ಟೆಯಂತೆ ಕಾಣುತ್ತದೆ. ಇದಕ್ಕೆ ಸುಲಭವಾದ ಪರಿಹಾರವುಂಟು. ಒಂದೇ ಆಕೃತಿಯನ್ನು ಮೂರು ಸಲ ಕೈಯಿಂದ ಬರೆದು, ಸ್ಕ್ಯಾನರಿನಿಂದ ಯಂತ್ರಕ್ಕೆ ಇಳಿಸಿ, ಸರದಿಯಂತೆ ತೋರಿಸಿದರೆ, ನಿಂತ ಮದುಮಕ್ಕಳ ಸುತ್ತಲೂ ಗೆರೆಯು ನಸುವಾಗಿ ಮಿಡಿಯುತ್ತದೆ. ಗೆರೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಗ ಬಳಸಬಾರದು. ಒದ್ದೆ ಹಿಟ್ಟು ಒಣಗಿದ ಮೇಲೆಯೇ ಬಿಳುಪೇರುವುದರಿಂದ, ಗೋಡೆಯ ಛಾಯಾಚಿತ್ರವನ್ನು ಕೆಲವು ನಿಮಿಷಗಳಿಗೊಮ್ಮೆ ತೆಗೆದರೆ ಚಿತ್ತಾರವು ತಾನಾಗಿಯೇ ಮೂಡಿಬರುವುದನ್ನೂ ತೋರಿಸಬಹುದು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಆಕೃತಿಗಳನ್ನು ಒಮ್ಮೆ ಯಂತ್ರದಲ್ಲಿ ಸಂಗ್ರಹಿಸಿದರೆ, ಬರೆದಾಕೆಯನ್ನು ಕೇಳದೆಯೇ ಎಷ್ಟು ಚಿತ್ತಾರಗಳನ್ನಾದರೂ ಹೆಣೆಯಬಹುದು. ಗೋಡೆಯ ಚಿತ್ತಾರಕ್ಕೆ ಹೆಸರು ಬರೆಯುವ ವಾಡಿಕೆ ಇರಲಿಲ್ಲ. ಮನೆಯವರಿಗೂ ನೆರೆಯವರಿಗೂ ಬರೆದವಳು ಯಾರೆಂದು ಗೊತ್ತಿತ್ತು. ತೆರೆಯ ಮುಂದೆ ಕುಳಿತವರಿಗೆ ಗೊತ್ತಿರುವುದಿಲ್ಲ. ಹೀಗಿರುವುದರಿಂದ ಇಂತಹ ಚಿತ್ರವನ್ನು ತಯಾರಿಸುವ ವಿದ್ಯಾರ್ಥಿಗಳು ಆಕೆಯ ಹೆಸರನ್ನು ಮೊದಲ ಫಲಕದಲ್ಲಿಯೇ ಬರೆಯಬೇಕು. ಆಕೃತಿಗಳ ಮರುಬಳಕೆಗೆ ಒಪ್ಪಿಗೆಯನ್ನೂ ಸಂಭಾವನೆಯನ್ನೂ ಕೆಲಸಕ್ಕೆ ತೊಡಗುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.