ನಷ್ಟದ ನೋವು, ಲಾಭದ ನಲಿವು

ಗೆಳೆಯನೊಬ್ಬನು ನಿಮ್ಮ ಬಳಿಗೆ ಬಂದು ಒಂದು ಪಂದ್ಯವನ್ನು ಮುಂದಿಡುತ್ತಾನೆಂದು ಭಾವಿಸೋಣ. ಅವನು ನಾಣ್ಯವೊಂದನ್ನು ಮೇಲಕ್ಕೆ ಚಿಮ್ಮುವನು. ಶಿರ ಮೇಲಾಗಿ ಬಿದ್ದರೆ ಅವನು ನಿಮಗೆ 1,200 ರೂಪಾಯಿ ಕೊಡುವನು; ಪುಚ್ಛ ಮೇಲಾಗಿ ಬಿದ್ದರೆ ನೀವು ಅವನಿಗೆ 1,000 ರೂಪಾಯಿ ಕೊಡಬೇಕು. ನಾಣ್ಯದಲ್ಲಿ ಮೋಸವೇನೂ ಇಲ್ಲ. ಈ ಪಂದ್ಯಕ್ಕೆ ನೀವು ಒಪ್ಪುವಿರಾ?

ಬಹುಮಂದಿ ಒಪ್ಪುವುದಿಲ್ಲ. ಸಾವಿರ ರೂಪಾಯಿ ಹೋದರೆ ನಾಳೆಯ ಊಟಕ್ಕೇ ಕೊರತೆಯೆನ್ನುವವರ ಮಾತು ಬೇರೆ. ಅಂತಹ ತಾಪತ್ರಯವಿಲ್ಲದವರೂ ಹಿಂದೆಗೆಯುತ್ತಾರೆ. ಆದರೆ ಗಣಿತವು ಹೇಳುವುದೇನು? ಶಿರಕ್ಕೂ ಪುಚ್ಛಕ್ಕೂ ಸಂಭವ ಸಮಾನ. ಆಟವನ್ನು ಬಹಳ ಸಲ ಆಡಿದರೆ, ಸರಾಸರಿಯಲ್ಲಿ ಪ್ರತಿಯೊಂದು ಆಟಕ್ಕೂ 100 ರೂಪಾಯಿ ನಿಮ್ಮ ಪಾಲಿಗೆ ಉಳಿಯುತ್ತದೆ. ಲೆಕ್ಕವು ನಿಮ್ಮ ಕಡೆಗಿದೆ. ಮನಸ್ಸು ಮಾತ್ರ ಬೇಡವೆನ್ನುತ್ತದೆ. ಬರಬಹುದಾದ 1,200 ರೂಪಾಯಿಯ ನಲಿವಿಗಿಂತ, ಹೋಗಬಹುದಾದ 1,000 ರೂಪಾಯಿಯ ನೋವು ಅಲ್ಲಿ ಹೆಚ್ಚು ತೂಗುತ್ತದೆ.

ಈ ಹಿಂಜರಿಕೆ ಅಲ್ಪವಾಗಿ ಕಾಣಬಹುದು. ಆದರೆ ನಾವು ಉಳಿಸುವಾಗ, ಸಾಲ ಮಾಡುವಾಗ, ಕೊಳ್ಳುವಾಗ, ಮಾರುವಾಗ ನಮಗರಿಯದಂತೆ ನಮ್ಮನ್ನು ನಡೆಸುವುದು ಇದೇ. ಇದರ ಸ್ವರೂಪವೇನೆಂಬುದನ್ನು ಪರಿಶೀಲಿಸೋಣ.

ಲೆಕ್ಕದ ಮನುಷ್ಯ

ಹಣದ ಮೊತ್ತ ಬೇರೆ, ಅದರಿಂದ ದೊರೆಯುವ ತೃಪ್ತಿ ಬೇರೆ ಎಂಬುದು ವಿದ್ವಾಂಸರಿಗೆ ಹಿಂದಿನಿಂದಲೂ ತಿಳಿದಿತ್ತು. ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬೆರ್ನೂಲಿ 1738ರಲ್ಲಿಯೇ ಇದನ್ನು ವಿವರಿಸಿದ್ದನು. ಬಡವನಿಗೆ ಸಿಕ್ಕ ನೂರು ನಾಣ್ಯಗಳು ಅವನಿಗೆ ಕೊಡುವ ತೃಪ್ತಿಯನ್ನು, ಅಷ್ಟೇ ನಾಣ್ಯಗಳು ಧನಿಕನಿಗೆ ಕೊಡಲಾರವು. ಮನುಷ್ಯನು ತನ್ನಲ್ಲಿರುವ ಒಟ್ಟು ಸಂಪತ್ತನ್ನು ಗಮನದಲ್ಲಿಟ್ಟುಕೊಂಡು ತೃಪ್ತಿಯನ್ನು ಅಳೆಯುತ್ತಾನೆ ಎಂಬುದು ಈ ವಾದದ ತಿರುಳು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಅರ್ಥಶಾಸ್ತ್ರಜ್ಞರು ಈ ತಳಹದಿಯ ಮೇಲೆಯೇ ತಮ್ಮ ಶಾಸ್ತ್ರವನ್ನು ಕಟ್ಟಿದರು.

ಆದರೆ ಇದರಲ್ಲೊಂದು ಕೊರತೆಯುಂಟು. ಇಬ್ಬರು ಅಡಕೆ ಬೆಳೆಗಾರರು ಒಂದೇ ದಿನ, ಒಂದೇ ಮಂಡಿಯಲ್ಲಿ, ಕ್ವಿಂಟಾಲಿಗೆ 45,000 ರೂಪಾಯಿಯ ಧಾರಣೆಯಲ್ಲಿ ತಮ್ಮ ಮಾಲನ್ನು ಮಾರಿದರೆಂದು ಕಲ್ಪಿಸಿಕೊಳ್ಳಿ. ಒಬ್ಬನು 40,000 ಸಿಕ್ಕರೆ ಸಾಕೆಂದುಕೊಂಡು ಬಂದಿದ್ದನು. ಇನ್ನೊಬ್ಬನು ಹಿಂದಿನ ತಿಂಗಳು ಧಾರಣೆ 52,000 ಇದ್ದಾಗ, ಇನ್ನೂ ಏರಲೆಂದು ಕಾದಿದ್ದವನು. ಇಬ್ಬರ ಕೈಗೂ ಬಂದ ಹಣ ಒಂದೇ. ಆದರೂ ಮೊದಲನೆಯವನು ಮನೆಗೆ ಸಿಹಿ ಕೊಂಡೊಯ್ಯುತ್ತಾನೆ. ಎರಡನೆಯವನು ಯಾರೊಡನೆಯೂ ಮಾತನಾಡದೆ ಬಸ್ಸು ಹತ್ತುತ್ತಾನೆ.

ನಮ್ಮ ಕಣ್ಣಿನ ಸ್ವಭಾವವೂ ಹೀಗೆಯೇ. ಉರಿಬಿಸಿಲಿನಿಂದ ಮನೆಯೊಳಗೆ ಕಾಲಿಟ್ಟವನಿಗೆ ನಡುಮನೆ ಕತ್ತಲೆಯಾಗಿ ತೋರುತ್ತದೆ. ಅದೇ ನಡುಮನೆಯಲ್ಲಿ ಮೊದಲಿನಿಂದ ಕುಳಿತಿದ್ದವನು ಸುಖವಾಗಿ ಪತ್ರಿಕೆ ಓದುತ್ತಿರುತ್ತಾನೆ. ಬೆಳಕು ಎಷ್ಟಿದೆಯೆಂಬುದಕ್ಕಿಂತ ಎಷ್ಟು ಬದಲಾಯಿತೆಂಬುದನ್ನೇ ಕಣ್ಣು ಮುಖ್ಯವಾಗಿ ಗ್ರಹಿಸುತ್ತದೆ. ಹಣದ ವಿಷಯದಲ್ಲಿಯೂ ಮನಸ್ಸು ಒಂದು ಆಧಾರಬಿಂದುವನ್ನು ಹಿಡಿದುಕೊಳ್ಳುತ್ತದೆ. ಅದಕ್ಕಿಂತ ಮೇಲಾದುದು ಲಾಭ, ಕೆಳಗಾದುದು ನಷ್ಟ. ಮೇಲಿನ ಬೆಳೆಗಾರರ ಆಧಾರಬಿಂದುಗಳು ಬೇರೆಬೇರೆಯಾಗಿದ್ದುವು. ಆದುದರಿಂದ ಅವರ ಸುಖದುಃಖಗಳೂ ಬೇರೆಯಾದುವು.

ಎರಡು ಪ್ರಶ್ನೆಗಳು

ಇದನ್ನು ಪ್ರಯೋಗಗಳಿಂದ ಸ್ಪಷ್ಟಪಡಿಸಿದವರು ಅರ್ಥಶಾಸ್ತ್ರಜ್ಞರಲ್ಲ. ಜೆರೂಸಲೆಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಜತೆಗೂಡಿದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು. ಅವರ ಉಪಕರಣಗಳು ಕಾಗದ ಮತ್ತು ಲೇಖನಿ ಮಾತ್ರ. ಚಿಕ್ಕ ಚಿಕ್ಕ ಪ್ರಶ್ನೆಗಳನ್ನು ರಚಿಸಿ, ವಿದ್ಯಾರ್ಥಿಗಳಿಂದಲೂ ಅಧ್ಯಾಪಕರಿಂದಲೂ ಉತ್ತರ ಪಡೆದು, ತಮ್ಮ ನಿರ್ಣಯಗಳನ್ನು 1979ರಲ್ಲಿ ಪ್ರಕಟಿಸಿದರು. ಅವರ ಎರಡು ಪ್ರಶ್ನೆಗಳನ್ನು ಇಲ್ಲಿ ನೋಡೋಣ. ಮೊತ್ತಗಳು ಅಂದಿನ ಇಸ್ರೇಲಿ ಪೌಂಡುಗಳಲ್ಲಿವೆ. 3,000 ಪೌಂಡೆಂದರೆ ಆಗ ಅಲ್ಲಿಯ ಸಾಧಾರಣ ಕುಟುಂಬದ ಒಂದು ತಿಂಗಳ ವರಮಾನ.

ಮೊದಲನೆಯ ಪ್ರಶ್ನೆ: ನಿಶ್ಚಯವಾಗಿ 3,000 ದೊರೆಯುವುದು ನಿಮಗೆ ಇಷ್ಟವೊ, ಅಥವಾ 4,000 ದೊರೆಯುವ ಸಂಭವ ನೂರಕ್ಕೆ 80 ಮತ್ತು ಏನೂ ದೊರೆಯದಿರುವ ಸಂಭವ ನೂರಕ್ಕೆ 20 ಇರುವ ಆಟ ಇಷ್ಟವೊ? ಆಟದ ಸರಾಸರಿ ಬೆಲೆ 3,200. ಆದರೂ ಉತ್ತರ ಕೊಟ್ಟ 95 ಮಂದಿಯಲ್ಲಿ ಶೇಕಡ 80 ಜನ ನಿಶ್ಚಿತವಾದ 3,000ವನ್ನೇ ಆರಿಸಿಕೊಂಡರು.

ಎರಡನೆಯ ಪ್ರಶ್ನೆಯಲ್ಲಿ ಲಾಭದ ಸ್ಥಾನಕ್ಕೆ ನಷ್ಟವನ್ನಿಟ್ಟರು: ನಿಶ್ಚಯವಾಗಿ 3,000 ಕಳೆದುಕೊಳ್ಳುವುದೊ, ಅಥವಾ 4,000 ಕಳೆದುಕೊಳ್ಳುವ ಸಂಭವ ನೂರಕ್ಕೆ 80, ಏನೂ ಕಳೆದುಕೊಳ್ಳದಿರುವ ಸಂಭವ ನೂರಕ್ಕೆ 20 ಇರುವ ಆಟವೊ? ಇಲ್ಲಿ ಆಟದ ಸರಾಸರಿ ನಷ್ಟ 3,200. ಆದಕಾರಣ ನಿಶ್ಚಿತ ನಷ್ಟವೇ ಲೇಸು. ಆದರೆ ಶೇಕಡ 92 ಜನ ಆಟವನ್ನೇ ಬಯಸಿದರು!

ಲಾಭ ಎದುರಿಗಿರುವಾಗ ಜಾಗರೂಕನಾಗುವ ಮನುಷ್ಯನು, ನಷ್ಟ ಎದುರಾದಾಗ ಜೂಜುಗಾರನಾಗುತ್ತಾನೆ. ಎರಡು ಸಂದರ್ಭಗಳಲ್ಲಿಯೂ ಲೆಕ್ಕಕ್ಕೆ ವಿರುದ್ಧವಾಗಿಯೇ ನಡೆಯುತ್ತಾನೆ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂಬ ನಮ್ಮ ಗಾದೆ ಎರಡನೆಯ ಉತ್ತರಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಳೆದುದನ್ನು ಮರಳಿ ಪಡೆಯುವ ಸಣ್ಣ ಆಸೆಗಾಗಿ ಇನ್ನೂ ಹೆಚ್ಚು ಕಳೆದುಕೊಳ್ಳಲು ಅವನು ಸಿದ್ಧನಾಗುತ್ತಾನೆ.

ನಷ್ಟದ ನೋವು ಲಾಭದ ನಲಿವಿಗಿಂತ ಎಷ್ಟು ಪಾಲು ಹೆಚ್ಚು? 1992ರಲ್ಲಿ ಇವರೇ ತಮ್ಮ ಪ್ರಯೋಗಗಳಿಂದ ಲೆಕ್ಕ ಹಾಕಿದಂತೆ ಸುಮಾರು ಎರಡೂಕಾಲು ಪಟ್ಟು. ಈ ಪ್ರವೃತ್ತಿಯನ್ನು ‘ನಷ್ಟಭೀತಿ’ ಎನ್ನಬಹುದು. ಟ್ವೆರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರಲ್ಲಿ ಕಾಹ್ನೆಮನ್ನರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. 2020ರಲ್ಲಿ 19 ದೇಶಗಳಲ್ಲಿ, 13 ಭಾಷೆಗಳಲ್ಲಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ 1979ರ ಪ್ರಶ್ನೆಗಳನ್ನು ಮತ್ತೆ ಕೇಳಿದ ವಿಜ್ಞಾನಿಗಳಿಗೆ ಬಹುಮಟ್ಟಿಗೆ ಹಳೆಯ ಉತ್ತರಗಳೇ ದೊರೆತುವು.

ಕೈಗೆ ಬಂದ ಬಟ್ಟಲು

ಪ್ರಶ್ನೆಗೆ ಉತ್ತರ ಹೇಳುವುದು ಬೇರೆ, ನಿಜವಾಗಿ ವ್ಯಾಪಾರ ಮಾಡುವುದು ಬೇರೆಯಲ್ಲವೆ ಎಂಬ ಸಂದೇಹ ಸಹಜ. ಕಾಹ್ನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ತರಗತಿಯೊಂದರಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಬಟ್ಟಲನ್ನು ಕೊಟ್ಟರು. ಬಳಿಕ ಬಟ್ಟಲುಳ್ಳವರು ಮಾರಬಹುದು, ಇಲ್ಲದವರು ಕೊಳ್ಳಬಹುದು ಎಂದು ಸಾರಿದರು. ಯಾರಿಗೆ ಬಟ್ಟಲು ಸಿಕ್ಕಿತೆಂಬುದು ಆಕಸ್ಮಿಕವಾದುದರಿಂದ, ಎರಡು ಗುಂಪಿನವರೂ ಅದಕ್ಕೆ ಸುಮಾರಾಗಿ ಒಂದೇ ಬೆಲೆ ಕಟ್ಟಬೇಕಾಗಿತ್ತು. ಆದರೆ ಮಾರುವವರು ಕೇಳಿದ ಬೆಲೆಗಳ ಮಧ್ಯಾಂಕ ಐದೂಕಾಲು ಡಾಲರು. ಕೊಳ್ಳುವವರು ಕೊಡಲು ಒಪ್ಪಿದುದು ಅದರ ಅರ್ಧದಷ್ಟು! ಕೆಲವು ನಿಮಿಷಗಳ ಹಿಂದೆ ಯಾರದೂ ಅಲ್ಲದ ಬಟ್ಟಲು, ಕೈಗೆ ಬಂದೊಡನೆ ‘ನನ್ನದು’ ಆಯಿತು. ಅದನ್ನು ಬಿಟ್ಟುಕೊಡುವುದು ನಷ್ಟವೆನಿಸಿತು. ಹಳೆಯ ಸೈಕಲ್ಲನ್ನೊ ಮನೆಯ ನಿವೇಶನವನ್ನೊ ಮಾರಹೊರಟವರು, ಕೊಳ್ಳಬಂದವರ ಬೆಲೆಯನ್ನು ಕೇಳಿ ಸಿಡಿಮಿಡಿಗೊಳ್ಳುವುದಕ್ಕೆ ಇದೂ ಒಂದು ಕಾರಣ.

ಷೇರುಪೇಟೆಯಲ್ಲಿ

ಬಟ್ಟಲಿನಿಂದ ಈಗ ದೊಡ್ಡ ಮೊತ್ತಗಳಿಗೆ ಬರೋಣ. ಒಬ್ಬನಲ್ಲಿ ಎರಡು ಕಂಪನಿಗಳ ಷೇರುಗಳಿವೆ. ಒಂದರ ಬೆಲೆ ಕೊಂಡ ಬೆಲೆಗಿಂತ ಏರಿದೆ, ಇನ್ನೊಂದರದು ಇಳಿದಿದೆ. ಅವನಿಗೆ ಹಣ ಬೇಕಾಗಿದೆ. ಯಾವುದನ್ನು ಮಾರುವನು? ಕೇಳಬೇಕಾದ ಪ್ರಶ್ನೆ, ಇವೆರಡರಲ್ಲಿ ಮುಂದೆ ಚೆನ್ನಾಗಿ ನಡೆಯುವ ಕಂಪನಿ ಯಾವುದು ಎಂಬುದು. ಆದರೆ ಮನಸ್ಸು ಕೊಂಡ ಬೆಲೆಯನ್ನೇ ಆಧಾರಬಿಂದುವಾಗಿ ಹಿಡಿದು ಕುಳಿತಿರುತ್ತದೆ. ಏರಿದುದನ್ನು ಮಾರಿದರೆ ಗೆದ್ದ ಹೆಮ್ಮೆ. ಇಳಿದುದನ್ನು ಮಾರಿದರೆ ಸೋಲನ್ನು ಒಪ್ಪಿಕೊಂಡಂತೆ. ‘ಅಸಲು ಬರಲಿ, ಆಮೇಲೆ ಮಾರೋಣ’ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ.

ಅಮೆರಿಕದ ಟೆರೆನ್ಸ್ ಓಡೀನ್ ಎಂಬ ಸಂಶೋಧಕರು, ದಲ್ಲಾಳಿ ಸಂಸ್ಥೆಯೊಂದರ 10,000 ಖಾತೆಗಳಲ್ಲಿ 1987ರಿಂದ 1993ರ ವರೆಗೆ ನಡೆದ ವ್ಯವಹಾರಗಳನ್ನು ಪರೀಕ್ಷಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಲಾಭದಲ್ಲಿದ್ದ ಷೇರುಗಳನ್ನು ಮಾರಿ ಲಾಭವನ್ನು ಕೈಗೆ ತೆಗೆದುಕೊಂಡ ಪ್ರಮಾಣ ಶೇಕಡ 14.8, ನಷ್ಟದಲ್ಲಿದ್ದುವನ್ನು ಮಾರಿದ ಪ್ರಮಾಣ ಶೇಕಡ 9.8 ಮಾತ್ರ. ಅಷ್ಟೇ ಅಲ್ಲ, ಅವರು ಮಾರಿದ ಷೇರುಗಳು, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಮುಂದಿನ ಒಂದು ವರ್ಷದಲ್ಲಿ ಸರಾಸರಿ ಶೇಕಡ 3.4ರಷ್ಟು ಹೆಚ್ಚು ಪ್ರತಿಫಲ ಕೊಟ್ಟುವು. ಹೂವಿನ ಗಿಡಗಳನ್ನು ಕಿತ್ತು ಕಳೆಗೆ ನೀರೆರೆದಂತಾಯಿತು.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಅದರ ವಿಷಯ ‘ಫ್ಯೂಚರ್ಸ್’ ಮತ್ತು ‘ಆಪ್ಷನ್ಸ್’ ಎಂಬ ವ್ಯವಹಾರ. ಷೇರಿನ ಬೆಲೆ ಮುಂದೆ ಏರುವುದೊ ಇಳಿಯುವುದೊ ಎಂಬುದರ ಮೇಲೆ ಮಾಡುವ ಕರಾರುಗಳಿವು. 2022, 2023, 2024ರ ಮಾರ್ಚಿಗೆ ಕೊನೆಗೊಂಡ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟಹೊಂದಿದರು. ಖರ್ಚುವೆಚ್ಚಗಳೂ ಸೇರಿ ತಲೆಗೆ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ವ್ಯಕ್ತಿಗಳ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮೂವತ್ತು ವರ್ಷ ತುಂಬದವರ ಪಾಲು ಒಂದೇ ವರ್ಷದಲ್ಲಿ ಶೇಕಡ 31ರಿಂದ 43ಕ್ಕೆ ಏರಿತ್ತು. ಎಲ್ಲಕ್ಕಿಂತ ಗಮನಾರ್ಹವಾದುದೆಂದರೆ, ವರ್ಷದ ಮೇಲೆ ವರ್ಷ ಸೋತವರಲ್ಲಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಟವನ್ನು ಬಿಡಲಿಲ್ಲ.

ಈ ನಷ್ಟಕ್ಕೆಲ್ಲ ಮನಸ್ಸೊಂದೇ ಕಾರಣವೆನ್ನಲಾಗದು. ದಲ್ಲಾಳಿ, ತೆರಿಗೆ ಮೊದಲಾದ ಖರ್ಚುಗಳಿವೆ. ಎದುರಾಳಿಗಳಾಗಿ ದೊಡ್ಡ ಸಂಸ್ಥೆಗಳ ವೇಗದ ಗಣಕಯಂತ್ರಗಳಿವೆ. ಆದರೆ ಸೋತವನು ಏಳದೆ ಕುಳಿತಿರುವ ಚಿತ್ರ, ನಾವು ಮೇಲೆ ಕಂಡ ಶೇಕಡ 92ರ ಉತ್ತರವನ್ನು ನೆನಪಿಗೆ ತರುತ್ತದೆ.

ಇಲ್ಲಿ ನಾಣ್ಯದ ಪಂದ್ಯವನ್ನು ಮತ್ತೊಮ್ಮೆ ನೆನೆಯೋಣ. ಆ ಪಂದ್ಯವನ್ನು ನೂರು ಬಾರಿ ಆಡಿದರೆ ನೀವು ಒಟ್ಟಿನಲ್ಲಿ ಸೋಲುವ ಸಂಭವ ನೂರಕ್ಕೆ ಸುಮಾರು 18 ಮಾತ್ರ. ಆಟ ಬೆಳೆದಷ್ಟೂ ಅದು ಇನ್ನೂ ಇಳಿಯುತ್ತದೆ. ಏಕೆಂದರೆ ಅಲ್ಲಿ ಸರಾಸರಿ ನಿಮ್ಮ ಕಡೆಗಿದೆ. ಖರ್ಚು ಕಳೆದಮೇಲೆ ಸರಾಸರಿಯೇ ನಷ್ಟವಾಗಿರುವ ಆಟದಲ್ಲಿ ಇದಕ್ಕೆ ವಿರುದ್ಧ: ಆಡಿದಷ್ಟೂ ಸೋಲು ನಿಶ್ಚಿತವಾಗುತ್ತ ಹೋಗುತ್ತದೆ. ಭಾವನೆಯು ಮೊದಲನೆಯ ಆಟವನ್ನು ಬೇಡವೆಂದು ತಳ್ಳುತ್ತದೆ. ಒಮ್ಮೆ ಸೋತವನನ್ನು ಎರಡನೆಯದರಲ್ಲಿ ಕಟ್ಟಿಹಾಕುತ್ತದೆ. ನಷ್ಟಭೀತಿಯ ನಿಜವಾದ ಅಪಾಯ ಇದು.

ಮನಸ್ಸನ್ನು ಪಳಗಿಸುವುದು

ಹಾಗೆಂದು ನಷ್ಟಭೀತಿಯನ್ನು ಮೂರ್ಖತನವೆಂದು ಹಳಿಯಬೇಕಾಗಿಲ್ಲ. ಒಂದೇ ವರ್ಷದ ಬಿತ್ತನೆಬೀಜ ಉಳ್ಳ ರೈತನಿಗೆ ಅದು ಇಮ್ಮಡಿಯಾದರೆ ನೆಮ್ಮದಿ, ಹಾಳಾದರೆ ಉಪವಾಸ. ಅವನ ಭೀತಿ ವಿವೇಕವೇ ಸರಿ. ಅದೂ ಅಲ್ಲದೆ, ಈ ಪ್ರವೃತ್ತಿ ಎಲ್ಲರಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಆಟಗಾರರ ಚಿತ್ರಗಳ ವಿನಿಮಯ ನಡೆಯುವ ಅಮೆರಿಕದ ಸಂತೆಗಳಲ್ಲಿ ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಪ್ರಯೋಗ ನಡೆಸಿ, ಬಹಳ ದಿನ ಪಳಗಿದ ವ್ಯಾಪಾರಿಗಳಲ್ಲಿ ‘ಕೈಗೆ ಬಂದ ಬಟ್ಟಲಿನ’ ಮೋಹ ಬಹಳ ಕಡಮೆಯೆಂದು 2003ರಲ್ಲಿ ತೋರಿಸಿದರು.

ಪಳಗುವ ವರೆಗೂ ಕಾಯಲಾಗದ ನಮಗೆ ಇನ್ನೊಂದು ಮಾರ್ಗವುಂಟು. ನೋವು ಎದುರಿಗೆ ಬರುವ ಮೊದಲೇ, ಮನಸ್ಸು ಶಾಂತವಾಗಿರುವಾಗಲೇ, ನಿರ್ಣಯವನ್ನು ಮಾಡಿಬಿಡುವುದು. ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಈ ಉಪಾಯವನ್ನು ಅಮೆರಿಕದ ಕಾರ್ಖಾನೆಯೊಂದರಲ್ಲಿ ಪರೀಕ್ಷಿಸಿದರು. ಇಂದಿನ ಸಂಬಳದಿಂದ ಉಳಿಸಿರೆಂದರೆ ಕೆಲಸಗಾರರಿಗೆ ಕೈಯಲ್ಲಿದ್ದುದು ಹೋದಂತೆ ನೋವು. ಆದುದರಿಂದ, ‘ಮುಂದೆ ಸಂಬಳ ಏರಿದಾಗಲೆಲ್ಲ ಏರಿದ ಹಣದ ಒಂದು ಭಾಗ ಉಳಿತಾಯಕ್ಕೆ ಹೋಗಲಿ’ ಎಂಬುದಕ್ಕೆ ಮಾತ್ರ ಒಪ್ಪಿಗೆ ಕೇಳಿದರು. ಇನ್ನೂ ಕೈಗೆ ಬಾರದ ಹಣವಾದುದರಿಂದ ಅದರ ಅಗಲಿಕೆ ನಷ್ಟವೆನಿಸಲಿಲ್ಲ. 2004ರಲ್ಲಿ ಪ್ರಕಟವಾದ ವರದಿಯಂತೆ, ಒಪ್ಪಿದವರ ಉಳಿತಾಯ 40 ತಿಂಗಳುಗಳಲ್ಲಿ ಸಂಬಳದ ಶೇಕಡ 3.5ರಿಂದ 13.6ಕ್ಕೆ ಏರಿತು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈ ಉಪಾಯ ನಮಗೆ ಹೊಸದೇನೂ ಅಲ್ಲ. ಭವಿಷ್ಯನಿಧಿಯ ಕಂತು ಸಂಬಳ ಕೈಸೇರುವ ಮೊದಲೇ ಮುರಿದುಕೊಳ್ಳಲ್ಪಡುತ್ತದೆ; ಆದಕಾರಣವೇ ಅದರ ನೋವು ಕಡಮೆ. ಮಣ್ಣಿನ ಹುಂಡಿಗೆ ಬಿದ್ದ ಕಾಸು ಹುಂಡಿ ಒಡೆಯದೆ ಹೊರಬಾರದು. ಒಡೆಯಲು ಕೈ ಹಿಂಜರಿಯುವುದೇ ಉಳಿತಾಯಕ್ಕೆ ಕಾವಲು. ನಷ್ಟಭೀತಿಯನ್ನು ನಮ್ಮ ಹಿತಕ್ಕೆ ದುಡಿಸಿಕೊಳ್ಳುವ ಜಾಣ್ಮೆ ಇದು.

ವಿದ್ಯಾರ್ಥಿಗಳು ಮುಂದೆ ತಮ್ಮ ಮೊದಲ ಸಂಪಾದನೆಯನ್ನು ಕೈಗೆತ್ತಿಕೊಂಡಾಗ ಎರಡು ಮಾತುಗಳನ್ನು ನೆನಪಿನಲ್ಲಿಡಬಹುದು. ಒಂದು ವಸ್ತುವನ್ನೊ ಷೇರನ್ನೊ ಇಟ್ಟುಕೊಳ್ಳಬೇಕೆ ಮಾರಬೇಕೆ ಎಂಬ ಸಂದೇಹ ಬಂದಾಗ, ‘ಇದು ನನ್ನಲ್ಲಿಲ್ಲದಿದ್ದರೆ ಇಂದಿನ ಬೆಲೆಗೆ ಕೊಳ್ಳುತ್ತಿದ್ದೆನೆ?’ ಎಂದು ಕೇಳಿಕೊಳ್ಳಬೇಕು. ಎಷ್ಟು ಹಣ ಹೋದರೆ ನಿಲ್ಲಿಸಬೇಕೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಹೋದಮೇಲೆ ಆ ಗೆರೆಯನ್ನು ತಿದ್ದಬಾರದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಹೇಳಿದುದುಂಟು. ಅಡಿಗೆಗೆ ಮೊದಲೇ ಒಲೆಯನ್ನು ಉರಿಸಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.