ಐ7 ಎಂದಷ್ಟಕ್ಕೇ ಮರುಳಾಗಬೇಡಿ

ಮಗನೋ ಮಗಳೋ ಎಂಜಿನಿಯರಿಂಗ್ ಸೇರಿದ ಕೂಡಲೇ ಮನೆಯಲ್ಲಿ ಕಂಪ್ಯೂಟರಿನ ಮಾತು ಏಳುತ್ತದೆ. ಒಳ್ಳೆಯ ಲ್ಯಾಪ್‌ಟಾಪಿಗೆ ದುಡ್ಡು ಸಾಲದು, ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳೋಣ ಎಂದು ತೀರ್ಮಾನವಾಗುತ್ತದೆ. ಒಳ್ಳೆಯ ತೀರ್ಮಾನವೇ. ಅಷ್ಟರಲ್ಲಿ ಒಬ್ಬ ಸೋದರಮಾವನೋ, ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನೋ ಬಂದು ಒಂದು ಸಲಹೆ ಕೊಟ್ಟು ಹೋಗುತ್ತಾರೆ: "ಏನೇ ಆಗಲಿ ಐ7 ತಗೊಳ್ಳಿ, ಐ3 ಮಾತ್ರ ಬೇಡ." ಮೊದಲ ಸಲ ಕಂಪ್ಯೂಟರ್ ಜೋಡಿಸುವವರ ದುಡ್ಡನ್ನು ಈ ಒಂದು ಮಾತು ಹಾಳು ಮಾಡಿದಷ್ಟು ಬೇರಾವ ತಪ್ಪು ತಿಳಿವಳಿಕೆಯೂ ಹಾಳು ಮಾಡಿಲ್ಲ. ಹಾಗಾಗಿ ಬೇರೆಲ್ಲಕ್ಕಿಂತ ಮೊದಲು ಇದನ್ನೇ ಬಿಡಿಸಿ ಹೇಳಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ, ಅಥವಾ ಮೊಬೈಲಿನಲ್ಲಿ ರೀಲ್ಸ್ ತಿರುಗಿಸಿ. "ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್ ಮೌಸ್ ಫ್ರೀ" ಎನ್ನುವ ಕಾಂಬೊ ಆಫರ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬೆಲೆ ನೋಡಿದರೆ ಹೊಸ ಫೋನಿಗಿಂತ ಕಡಿಮೆ. "ಯಾವ ಐ7?" ಎಂದು ಕೇಳಿ ನೋಡಿ. "ಸೆಕೆಂಡ್ ಜನರೇಷನ್ ಸಾರ್. ಯಾವುದಾದ್ರೂ ಐ7 ಐ7ನೇ ಅಲ್ವಾ?" ಎಂಬ ಉತ್ತರ ಬರುತ್ತದೆ.

ಅಲ್ಲ. ಆ ಸೆಕೆಂಡ್ ಜನರೇಷನ್ ಐ7 ಬಹುಮಟ್ಟಿಗೆ ಐ7-2600. ಅದು ಮಾರುಕಟ್ಟೆಗೆ ಬಂದದ್ದು 2011ರ ಜನವರಿಯಲ್ಲಿ. ಆಗ ಅದು ನಿಜಕ್ಕೂ ಅದ್ಭುತ ಪ್ರೊಸೆಸರು. ನಾಲ್ಕು ಕೋರ್, ಎಂಟು ಥ್ರೆಡ್, 3.4 ಗಿಗಾಹರ್ಟ್ಸ್. ಆದರೆ ಈಗ ಎಂಜಿನಿಯರಿಂಗ್ ಸೇರುತ್ತಿರುವ ಮಕ್ಕಳು ಆಗ ಅಂಗನವಾಡಿ ವಯಸ್ಸಿನವರು!

ಐ3, ಐ5, ಐ7 ಎಂಬುದು ಒಂದೇ ಜನರೇಷನ್ನಿನ ಪ್ರೊಸೆಸರುಗಳ ನಡುವಿನ ಮೇಲು-ಕೀಳು ಮಾತ್ರ. ಜನರೇಷನ್ ಬದಲಾದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಇಂಟೆಲ್ ಕಂಪನಿಯದೇ ಪುರಾವೆ ಬೇಕೇ? 2017ರ ಜನವರಿಯಲ್ಲಿ ಬಂದ ಐ5-7400ಕ್ಕೆ ನಾಲ್ಕು ಕೋರ್, ವೇಗ ಹೆಚ್ಚೆಂದರೆ 3.5 ಗಿಗಾಹರ್ಟ್ಸ್. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಐ3-8100ಕ್ಕೂ ನಾಲ್ಕು ಕೋರ್, ವೇಗ 3.6 ಗಿಗಾಹರ್ಟ್ಸ್. ಒಂಬತ್ತೇ ತಿಂಗಳಲ್ಲಿ ಐ3 ಎನ್ನುವುದು ಐ5ರ ಸಮಕ್ಕೆ ಬಂದು ನಿಂತಿತು, ಅದೂ ಕಡಿಮೆ ಬೆಲೆಗೆ. ಲ್ಯಾಪ್‌ಟಾಪಿನ ಕಥೆ ಇನ್ನೂ ಸ್ಪಷ್ಟ. 2016ರ ಐ7-7500ಯು ಪ್ರೊಸೆಸರಿಗೆ ಇದ್ದದ್ದು ಎರಡೇ ಕೋರ್. ಮರುವರ್ಷ ಬಂದ ಐ5-8250ಯುಗೆ ನಾಲ್ಕು.

ಈಗ ಆ ಐ7-2600ನ್ನು 2022ರ ಜನವರಿಯಲ್ಲಿ ಬಂದ ಐ3-12100ರ ಪಕ್ಕದಲ್ಲಿಡಿ. ಎರಡಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್. ಕಾಗದದ ಮೇಲೆ ಒಂದೇ. ಕೆಲಸಕ್ಕೆ ಹಚ್ಚಿದರೆ ಹೊಸ ಐ3ಯ ಒಂದೊಂದು ಕೋರೂ ಹಳೆಯ ಐ7ರ ಕೋರಿಗಿಂತ ಸುಮಾರು ಎರಡು ಪಟ್ಟು ಚುರುಕು. ಆಟೊಕ್ಯಾಡ್‌ನಂತಹ ತಂತ್ರಾಂಶ ಹೆಚ್ಚಿನ ಕೆಲಸವನ್ನು ಒಂದೇ ಕೋರಿನ ಮೇಲೆ ಹೇರುವುದರಿಂದ ಸಿವಿಲ್, ಮೆಕ್ಯಾನಿಕಲ್ ಓದುವ ಮಕ್ಕಳಿಗೆ ಈ ವ್ಯತ್ಯಾಸ ದಿನವೂ ಎದುರಾಗುತ್ತದೆ. ಇನ್ನು ಆ ಹಳೆಯ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಪಾಠ ನೋಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಯೂಟ್ಯೂಬು ಈಗ ಬಳಸುವ ವಿಪಿ9, ಎವಿ1 ಮಾದರಿಯ ವಿಡಿಯೊ ಬಿಡಿಸುವ ಪ್ರತ್ಯೇಕ ಸರ್ಕ್ಯೂಟು 2011ರ ಪ್ರೊಸೆಸರಿನಲ್ಲಿ ಇಲ್ಲವೇ ಇಲ್ಲ, ಆ ಕೆಲಸವೆಲ್ಲ ಕೋರುಗಳ ತಲೆಯ ಮೇಲೆ ಬೀಳುತ್ತದೆ. ಫ್ಯಾನು ಗುಂಯ್‌ಗುಡಲು ಶುರುವಾಗುತ್ತದೆ. ಐ3-12100ರ ಒಳಗಿನ ಗ್ರಾಫಿಕ್ಸ್ ಭಾಗ ಅದೇ ವಿಡಿಯೊವನ್ನು ಸದ್ದಿಲ್ಲದೆ ಓಡಿಸುತ್ತದೆ.

ಪ್ರೊಸೆಸರ್ ನಿಧಾನ ಎಂಬಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಹಳೆಯ ಪ್ರೊಸೆಸರು ಉಳಿದ ಭಾಗಗಳನ್ನೂ ತನ್ನ ಕಾಲಕ್ಕೇ ಎಳೆದುಕೊಂಡು ಹೋಗುತ್ತದೆ. ಐ7-2600 ಕೂರುವುದು ಎಲ್‌ಜಿಎ 1155 ಸಾಕೆಟ್ಟಿನಲ್ಲಿ. ಅದಕ್ಕೆ ಈಗ ಹೊಸದಾಗಿ ಸಿಗುವುದು ಹೆಚ್ಚಾಗಿ ಎಚ್61 ಚಿಪ್‌ಸೆಟ್ಟಿನ ಅಗ್ಗದ ಮದರ್‌ಬೋರ್ಡು. ಡಬ್ಬಿ ಹೊಸದು, ವಾರಂಟಿ ಹೊಸದು, ಒಳಗಿನ ಚಿಪ್‌ಸೆಟ್ಟು 2011ರದು. ಅದಕ್ಕೆ ಡಿಡಿಆರ್3 ರ‍್ಯಾಮೇ ಬೇಕು. ನಾಳೆ ಬೋರ್ಡು ಬದಲಿಸಿದರೆ ಆ ರ‍್ಯಾಮ್ ಅಲ್ಲಿ ಕೂರುವುದಿಲ್ಲ. ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ನಿಲ್ಲುವುದರಿಂದ ನೀವು ಕೊಂಡ ಸಾಟಾ ಎಸ್‌ಎಸ್‌ಡಿ ತನ್ನ ಅರ್ಧ ವೇಗದಲ್ಲಿ ಓಡುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಷನ್ನಿನಿಂದ ಈಚಿನ ಪ್ರೊಸೆಸರುಗಳನ್ನು. ಒಳದಾರಿಯಲ್ಲಿ ಹಾಕಿಸಿಕೊಡುವವರಿದ್ದಾರೆ, ಮುಂದೆ ಅಪ್‌ಡೇಟ್ ಬಂದೀತೆಂಬ ಭರವಸೆ ಕೊಡುವವರಿಲ್ಲ. ಹೀಗೆ ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರೂ ಒಂದಕ್ಕೊಂದು ಹೊಂದುತ್ತವೆ ನಿಜ, ಆದರೆ ಮುಂದೆ ಏನನ್ನೂ ಸೇರಿಸಲಾಗದ ಹಾಗೆ ಹೊಂದುತ್ತವೆ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗ ಆರ್‌ಸಿ ತೆಗೆಸಿ ಯಾವ ವರ್ಷದ ಗಾಡಿ ಎಂದು ನೋಡದ ಅಪ್ಪ ನಮ್ಮಲ್ಲಿಲ್ಲ. ಅದೇ ಅಪ್ಪ ಮಗಳ ನಾಲ್ಕು ವರ್ಷದ ಓದಿಗೆ ಬೇಕಾದ ಕಂಪ್ಯೂಟರಿನ ವರ್ಷ ಕೇಳುವುದಿಲ್ಲ. ಕೇಳಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ. ನನ್ನ ಕೋಪ ಅವರ ಮೇಲಲ್ಲ. ಗೊತ್ತಿದ್ದೂ "ಐ7" ಎಂದು ದೊಡ್ಡಕ್ಷರದಲ್ಲಿ ಬರೆದು ಉಳಿದ ಅಂಕಿಗಳನ್ನು ಮುಚ್ಚಿಡುವವರ ಮೇಲೆ, ಅರೆಬರೆ ತಿಳಿದು ಅಧಿಕಾರದಿಂದ ಸಲಹೆ ಕೊಡುವವರ ಮೇಲೆ. ದೊಡ್ಡ ಅಂಕಿ ಕಂಡರೆ ನಂಬುವ ನಮ್ಮ ಅಭ್ಯಾಸ ಕಂಪ್ಯೂಟರಿಗಷ್ಟೇ ಸೀಮಿತವಲ್ಲ. ಕ್ಯಾಮೆರಾದ ಮೆಗಾಪಿಕ್ಸೆಲ್, ಸ್ಪೀಕರಿನ ವ್ಯಾಟ್, ಕೋಚಿಂಗ್ ಸೆಂಟರಿನ ರ‍್ಯಾಂಕ್ ಪಟ್ಟಿ, ಎಲ್ಲ ಕಡೆಯೂ ಒಂದು ಅಂಕಿಯನ್ನು ಮುಂದೆ ಹಿಡಿದು ನಮ್ಮ ಪ್ರಶ್ನೆಗಳನ್ನು ಬಾಯಲ್ಲೇ ನಿಲ್ಲಿಸುತ್ತಾರೆ.

ಐ7ರ ನಂತರ ಹೆಚ್ಚು ಕಾಟ ಕೊಡುವ ನಂಬಿಕೆ ಇದು: ಸಾಕೆಟ್ಟಿನಲ್ಲಿ ಕೂತರೆ ಸಾಕು, ಓಡುತ್ತದೆ. ಎಲ್‌ಜಿಎ 1151 ಹೆಸರಿನ ಸಾಕೆಟ್ಟೇ ಇದಕ್ಕೆ ಉತ್ತರ. ಆರು, ಏಳನೇ ಜನರೇಷನ್ನಿನ ಬೋರ್ಡಿನಲ್ಲೂ ಅದೇ ಸಾಕೆಟ್, ಎಂಟು, ಒಂಬತ್ತನೇ ಜನರೇಷನ್ನಿನದರಲ್ಲೂ ಅದೇ. ಎಚ್110 ಬೋರ್ಡಿನಲ್ಲಿ ಐ3-8100 ಸರಿಯಾಗಿ ಕೂರುತ್ತದೆ, ಮುಚ್ಚಳವೂ ಬೀಳುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಸಮಸ್ಯೆ ಬೇರೆ ಬಗೆಯದು. ಹಳೆಯ ಸ್ಟಾಕಿನ ಬಿ450 ಬೋರ್ಡಿಗೆ ರೈಜೆನ್ 5 5600 ಹಾಕಬೇಕಾದರೆ ಮೊದಲು ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶ, ಅಪ್‌ಡೇಟ್ ಆಗಿರಬೇಕು. ಬಿಲ್ ಮಾಡಿಸುವ ಮುಂಚೆ ಕೇಳಿದರೆ ಅಂಗಡಿಯವರೇ ಮಾಡಿಕೊಡುತ್ತಾರೆ, ಮನೆಗೆ ತಂದ ಮೇಲೆ ನೆನಪಾದರೆ ಮತ್ತೆ ಬಸ್ಸು ಹತ್ತಬೇಕು. ಮಾದರಿ ಸಂಖ್ಯೆಯ ಕೊನೆಯ ಅಕ್ಷರವನ್ನೂ ಬಿಡಬೇಡಿ. ಐ3-12100ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆ ಕಪ್ಪಾಗಿಯೇ ಇರುತ್ತದೆ. ಸ್ವಲ್ಪ ದುಡ್ಡು ಉಳಿಯಿತೆಂದು ಎಫ್ ತಂದು, ಬೋರ್ಡೇ ಕೆಟ್ಟಿದೆ ಎಂದು ಜಗಳಕ್ಕೆ ಹೋಗುವವರು ಈಗಲೂ ಇದ್ದಾರೆ.

ಇನ್ನು ಭಾಗಗಳಿಗೆಲ್ಲ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆಗೆ ಫ್ರೀ ಬಂದದ್ದು 450 ವ್ಯಾಟ್ ಇದೆ, ಸಾಕು ಎನ್ನುತ್ತಾರೆ. ಪಕ್ಕದ ಲೇಬಲ್ ಓದಿ. ಅಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಬೇರೆ ಬೇರೆ ಕಾಲಂ ಇರುತ್ತವೆ. 2000ದಲ್ಲಿ ಪೆಂಟಿಯಂ 4 ಬಂದಾಗಿನಿಂದ ಪ್ರೊಸೆಸರಿಗೆ ಹೋಗುವ ವಿದ್ಯುತ್ತು 12 ವೋಲ್ಟಿನ ಸಾಲಿಗೆ ಬಂತು, ಗ್ರಾಫಿಕ್ಸ್ ಕಾರ್ಡಿಗೂ ಬೇಕಾದದ್ದು ಬಹುಪಾಲು ಅದೇ. ಆ ಕಾಲಂನಲ್ಲಿ 14 ಆಂಪ್ಸ್ ಎಂದಿದ್ದರೆ 12ರಿಂದ ಗುಣಿಸಿ: 168 ವ್ಯಾಟ್. ನಿಮ್ಮ ಉಪಯೋಗಕ್ಕೆ ಬರುವುದು ಅಷ್ಟೇ. ಮೇಲೆ ದಪ್ಪಗೆ ಬರೆದ 450 ಯಾವ ಲೆಕ್ಕವೋ ತಯಾರಿಸಿದವರೇ ಹೇಳಬೇಕು. ಇದರಲ್ಲಿ ಉಳಿಸಿದ ದುಡ್ಡು ಉಳಿಯುವುದಿಲ್ಲ, ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ ಎಂಬುದೂ ಸುಳ್ಳು, ಕಂಪ್ಯೂಟರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

"4 ಜಿಬಿ ಗ್ರಾಫಿಕ್ಸ್ ಕಾರ್ಡ್" ಎಂಬುದು ಕಾರ್ಡಿನ ಮೆಮೊರಿಯ ಅಳತೆ, ಶಕ್ತಿಯದ್ದಲ್ಲ. ಜಿಟಿ 730 ಕೂಡ 4 ಜಿಬಿಯಲ್ಲಿ ಸಿಗುತ್ತದೆ, ಜಿಟಿಎಕ್ಸ್ 1650 ಕೂಡ, ಇವೆರಡರ ನಡುವೆ ಅಜಗಜಾಂತರ. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಒಂದೇ ಕಂಪನಿಯದ್ದಾಗಿರಬೇಕಿಲ್ಲ. ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಹೋಗುವುದಿಲ್ಲ. ಎರಡಕ್ಕೂ 288 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ, ಒತ್ತಿ ಕೂರಿಸಲು ನೋಡಬೇಡಿ.

ಹಳೆಯದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಂಟನೇ ಜನರೇಷನ್ ಅಥವಾ ಅದರಿಂದೀಚಿನ ಆಫೀಸ್ ಕಂಪ್ಯೂಟರು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕಡಿಮೆ ಬಜೆಟ್ಟಿಗೆ ಅದು ಸೊಗಸಾದ ಆಯ್ಕೆ. ಆದರೆ ದೊಡ್ಡ ಕಂಪನಿಗಳ ಆ ಪೆಟ್ಟಿಗೆಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರು ಹಲವು ಸಲ ಅವರದೇ ವಿನ್ಯಾಸದ್ದು, ಸಣ್ಣ ಕ್ಯಾಬಿನೆಟ್ಟಿಗೆ ಪೂರ್ತಿ ಎತ್ತರದ ಗ್ರಾಫಿಕ್ಸ್ ಕಾರ್ಡೂ ಹಿಡಿಸುವುದಿಲ್ಲ. ಮುಂದೆ ಭಾಗ ಬದಲಿಸುವ ಆಸೆ ಇದ್ದವರು ಇದನ್ನು ನೋಡಿಯೇ ಕೊಳ್ಳಬೇಕು. ಹಳೆಯ ಪ್ರೊಸೆಸರನ್ನು ಬಿಡಿಯಾಗಿ ಕೊಳ್ಳುವುದಾದರೆ ಮೇಲಿನ ಥರ್ಮಲ್ ಪೇಸ್ಟ್ ಒರೆಸಿಸಿ. ಲೋಹದ ಮುಚ್ಚಳದ ಮೇಲೆ ಪೂರ್ತಿ ಮಾದರಿ ಸಂಖ್ಯೆ ಕೆತ್ತಿರುತ್ತದೆ. ಐ7 ಎಂಬುದರ ನಂತರ ನಾಲ್ಕಂಕಿ ಇದ್ದರೆ ಮೊದಲ ಅಂಕಿ, ಐದಂಕಿ ಇದ್ದರೆ ಮೊದಲೆರಡು ಅಂಕಿ ಅದರ ಜನರೇಷನ್.

ಹೊಸದಾಗಿಯೇ ಜೋಡಿಸುವವರಿಗೆ ನಾನು ಹೇಳುವ ಪಟ್ಟಿ ಚಿಕ್ಕದು. ಎಫ್ ಇಲ್ಲದ ಐ3-12100, ಡಿಡಿಆರ್4 ತೆಗೆದುಕೊಳ್ಳುವ ಎಚ್610 ಬೋರ್ಡು, 8 ಜಿಬಿಯ ಒಂದೇ ರ‍್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಬೇರೆಯಾಗಿ ಕೊಂಡ ಒಳ್ಳೆಯ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಈಗ ಬೇಡ. ಬೋರ್ಡಿನಲ್ಲಿ ರ‍್ಯಾಮಿನ ಇನ್ನೊಂದು ಸ್ಲಾಟ್ ಖಾಲಿ ಇರುತ್ತದೆ, ಮುಂದಿನ ಸೆಮಿಸ್ಟರಿಗೆ ಇನ್ನೊಂದು 8 ಜಿಬಿ ಹಾಕಿಸಿ. ಮೂರನೇ ವರ್ಷಕ್ಕೆ ಇನ್ನಷ್ಟು ಶಕ್ತಿ ಬೇಕೆನಿಸಿದರೆ ಬಯಾಸ್ ಅಪ್‌ಡೇಟ್ ಮಾಡಿಸಿ ಅದೇ ಬೋರ್ಡಿಗೆ ಹದಿನಾಲ್ಕನೇ ಜನರೇಷನ್ನಿನ ಐ5-14400 ಕೂರಿಸಬಹುದು.